ಬರದ ನಾಡಿನಲ್ಲಿ ನೀರಿನ ದಾರಿ, ಮಣ್ಣಿನ ದಾರಿ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಕಾರುಗಳು ಹಿರಿಯೂರು ದಾಟುವ ಹೊತ್ತಿಗೆ ಹಿಂದಿನ ಸೀಟಿನವರು ನಿದ್ದೆಗೆ ಜಾರಿರುತ್ತಾರೆ. ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಬೇಕು, ಮಧ್ಯಾಹ್ನ ನಾಲ್ಕು ದಪ್ಪ ಚಕ್ರದ ಬಗ್ಗಿ ಏರಿ ಕೆಸರಿನಲ್ಲಿ ಸುತ್ತಬೇಕು, ಭಾನುವಾರ ರಾತ್ರಿ ಮನೆ ಸೇರಬೇಕು. ವಾರಾಂತ್ಯದ ಸಾಹಸ ಎಂದರೆ ಈಗ ಇಷ್ಟು ಎಂಬಂತಾಗಿದೆ. ಹೆದ್ದಾರಿಯ ಎರಡೂ ಬದಿಯಲ್ಲಿ ಓಡುವ ಜಾಲಿ, ಕಲ್ಲುಗುಡ್ಡ, ಗಾಳಿಯಂತ್ರಗಳು ಅವರಿಗೆ ನಿದ್ದೆಯಲ್ಲೇ ಕಳೆದುಹೋಗುವ ದೂರ ಮಾತ್ರ.

ಆ ದೂರದಲ್ಲೇ, ಹಿರಿಯೂರು ತಾಲ್ಲೂಕಿನ ಐಮಂಗಲದ ಸೀಮೆಯಲ್ಲಿ ಮರಡಿಹಳ್ಳಿ ಇದೆ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಹದಿನಾರು ಕಿಲೋಮೀಟರಿನಷ್ಟು ದೂರ. ಅಲ್ಲಿನ ಬಂಡೆಗಳ ಮೇಲೆ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ದುಂಡು ದುಂಡು ಆಕಾರಗಳು ಎದ್ದು ಕಾಣುತ್ತವೆ. ಭೂವಿಜ್ಞಾನಿಗಳು ಇವನ್ನು ದಿಂಬು ಲಾವಾ ಎನ್ನುತ್ತಾರೆ. ನೀರಿನ ತಳದಲ್ಲಿ ಉಕ್ಕಿದ ಲಾವಾದ ಹೊರಮೈ ತಟ್ಟನೆ ತಣಿದು ಚಿಪ್ಪಾಗುತ್ತದೆ. ಒಳಗೆ ಇನ್ನೂ ಕುದಿಯುತ್ತಿರುವ ದ್ರವ ಆ ಚಿಪ್ಪನ್ನು ಒಡೆದು ಮುಂದಕ್ಕೆ ಉಬ್ಬುತ್ತದೆ, ಅದೂ ತಣಿಯುತ್ತದೆ, ಮತ್ತೊಂದು ದಿಂಬು ಹುಟ್ಟುತ್ತದೆ. ಬಯಲಲ್ಲಿ ಹರಿದ ಲಾವಾಕ್ಕೆ ಈ ಆಕಾರ ಬರುವುದಿಲ್ಲ, ಇದಕ್ಕೆ ನೀರು ಬೇಕೇ ಬೇಕು. ಎಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಮರಡಿಹಳ್ಳಿ ನೀರಿನಡಿ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯನ್ನೂ ಕಾಣದ, ಬರದ ಪಟ್ಟಿಯಲ್ಲಿ ಹೆಸರು ತಪ್ಪದ ಜಿಲ್ಲೆ ಚಿತ್ರದುರ್ಗ. ನೀರಿನ ಆಟ ಮತ್ತು ಮಣ್ಣುದಾರಿಯ ಓಟ ಎರಡನ್ನೂ ಒಂದೇ ದಿನದಲ್ಲಿ ಇಲ್ಲಿ ಕಾಣಬಹುದೇ? ಕಾಣಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳನ್ನು ಬೆಸೆಯುವ ಇನ್ನೂರು ಕಿಲೋಮೀಟರಿಗೂ ಕಡಿಮೆಯ ಒಂದು ಸುತ್ತು ಅದಕ್ಕೆ ಸಾಕು. ಆದರೆ ದಾಂಡೇಲಿಯ ನಕಲನ್ನು ಇಲ್ಲಿಗೆ ತಂದರೆ ಅದು ನಿಲ್ಲುವುದಿಲ್ಲ. ಈ ನೆಲಕ್ಕೆ ತನ್ನದೇ ನೀರಿನ ಲೆಕ್ಕವಿದೆ. ಆ ಲೆಕ್ಕವನ್ನು ಒಪ್ಪಿಕೊಂಡು ಹೋದವರಿಗೆ ಬೇರೆಲ್ಲೂ ಸಿಗದ ಒಂದು ದಿನ ಇಲ್ಲಿ ಸಿಗುತ್ತದೆ.

ಕಾಳಿ ಬೇರೆ, ವೇದಾವತಿ ಬೇರೆ

ರ‍್ಯಾಫ್ಟಿಂಗ್‌ಗೆ ನದಿ ಇದ್ದರೆ ಸಾಲದು. ಇಳಿಜಾರು ಬೇಕು, ಆ ಇಳಿಜಾರಿನಲ್ಲಿ ನೀರನ್ನು ತಡೆದು ಮುರಿಯುವ ಬಂಡೆಗಳು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ದಿನವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಹರಿವು ಬೇಕು. ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಈ ಮೂರೂ ಕೂಡಿ ಬಂದಿವೆ. ಅಲ್ಲಿ ಸೂಪಾ ಅಣೆಕಟ್ಟೆ ಇದೆ. ವಿದ್ಯುತ್ ಉತ್ಪಾದನೆಗೆಂದು ಬಿಟ್ಟ ನೀರು ಕಾಳಿಯ ಬಂಡೆಗಳ ನಡುವೆ ನುಗ್ಗುತ್ತದೆ. ಮಳೆ ನಿಂತು ತಿಂಗಳುಗಳಾದರೂ ಅಲ್ಲಿ ರ‍್ಯಾಫ್ಟ್ ಓಡುವುದು ಯಂತ್ರಗಳು ತಿರುಗುತ್ತಿರುವುದರಿಂದ. ಕೊಡಗಿನ ಬರಪೊಳೆಯಲ್ಲಾದರೆ ಮಳೆಗಾಲದ ಕೆಲವು ತಿಂಗಳು ಆಕಾಶವೇ ಆ ಕೆಲಸ ಮಾಡುತ್ತದೆ.

ವೇದಾವತಿಯ ಕಥೆಯೇ ಬೇರೆ. ಬಾಬಾಬುಡನ್ ಗಿರಿಯ ಮೂಡಣ ಮಗ್ಗುಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹಳ್ಳಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಕೂಡುವ ಮೊದಲೇ ಒಂದು ಹಳ್ಳ ಸಖರಾಯಪಟ್ಟಣದ ಅಯ್ಯನಕೆರೆಯನ್ನು, ಇನ್ನೊಂದು ಮದಗದ ಕೆರೆಯನ್ನು ತುಂಬಿಸಿ ಬರಬೇಕು. ಹೊಸದುರ್ಗ ತಾಲ್ಲೂಕಿಗೆ ಕಾಲಿಡುವ ಹೊತ್ತಿಗೆ ಇದು ಮರಳಿನ ಮೇಲೆ ನಿಧಾನವಾಗಿ ಹರಿಯುವ ಬಯಲುನದಿ. ಮುಂದೆ ಹಿರಿಯೂರನ್ನು ಹಾದು, ಚಳ್ಳಕೆರೆ ಸೀಮೆ ದಾಟಿ ಆಂಧ್ರಕ್ಕೆ ಹೋಗುತ್ತದೆ. ಹಗರಿ ಎಂಬ ಹೆಸರಿನಿಂದ ಮತ್ತೆ ಬಳ್ಳಾರಿಯ ಕಡೆ ತಿರುಗಿ ತುಂಗಭದ್ರೆಯನ್ನು ಸೇರುತ್ತದೆ. ಇಷ್ಟು ದೂರದಲ್ಲಿ ಅಬ್ಬರಿಸುವ ಬಿಳಿನೀರು ಎಲ್ಲೂ ಇಲ್ಲ. ವರ್ಷದ ಬಹುಪಾಲು ನದಿಯ ಪಾತ್ರದಲ್ಲಿ ನೀರೇ ಇರುವುದಿಲ್ಲ. ಇಲ್ಲಿ ರ‍್ಯಾಫ್ಟಿಂಗ್ ಎಂದು ಫಲಕ ಹಾಕಿ ಹಣ ಪಡೆಯುವವರು ಯಾರಾದರೂ ಬಂದರೆ ಅವರನ್ನು ನಂಬಬೇಡಿ.

ಇಲ್ಲಿರುವುದು ನಿಂತ ನೀರು. ಅದೂ ಸಣ್ಣದಲ್ಲ, 30 ಟಿಎಂಸಿ ಅಡಿ ಹಿಡಿಯುವ ವಾಣಿವಿಲಾಸ ಸಾಗರ.

ಮಾರಿಕಣಿವೆಯ ಕೋಡಿ

ಹಿರಿಯೂರಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ ಎರಡು ಗುಡ್ಡಗಳು ಪರಸ್ಪರ ಹತ್ತಿರ ಬಂದು ಇನ್ನೇನು ತಾಗುತ್ತವೆ ಎನ್ನುವಾಗ ನಿಲ್ಲುತ್ತವೆ. ನಡುವಿನ ಕಿರಿದಾದ ಜಾಗದಲ್ಲಿ ವೇದಾವತಿ ಹರಿಯುತ್ತಿತ್ತು. ಅಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ, ಅದಕ್ಕೇ ಊರವರ ಬಾಯಲ್ಲಿ ಇದು ಮಾರಿಕಣಿವೆ. ಪ್ರಕೃತಿಯೇ ಅರ್ಧ ಕಟ್ಟಿಟ್ಟ ಈ ಅಣೆಕಟ್ಟೆಯನ್ನು ಮೈಸೂರು ಸಂಸ್ಥಾನ ಪೂರ್ತಿ ಮಾಡಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ರಾಜ್ಯವನ್ನು ನೋಡಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಸಾಗರಕ್ಕಿಟ್ಟರು. ಕನ್ನಂಬಾಡಿಗಿಂತ ಮೊದಲು ಮೈಸೂರು ಸೀಮೆ ಕಂಡ ದೊಡ್ಡ ಜಲಾಶಯ ಇದು. ನಾನೂರು ಮೀಟರಿಗೂ ತುಸು ಹೆಚ್ಚು ಉದ್ದದ ಈ ಕಲ್ಲುಗೋಡೆ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಇದಕ್ಕೆ ಎತ್ತಿ ಇಳಿಸುವ ದೊಡ್ಡ ಗೇಟುಗಳಿಲ್ಲ. ನಾಲೆಗಳಿಗೆ ನೀರು ಬಿಡುವ ತೂಬುಗಳಿವೆ, ಅಷ್ಟೇ. ನೀರು 130 ಅಡಿ ಮುಟ್ಟಿದರೆ ಬದಿಯ ಕೋಡಿಯಿಂದ ತಾನಾಗಿ ಹೊರಬೀಳಬೇಕು. ಸೂಪಾದಲ್ಲಿ ಮಾಡುವಂತೆ ಹೊತ್ತು ನೋಡಿ ನದಿಗೆ ನೀರು ಬಿಡುವ ಮಾತು ಇಲ್ಲಿ ಬರುವುದೇ ಇಲ್ಲ. ಈ ಕೋಡಿ ಬಿದ್ದದ್ದಾದರೂ ಎಷ್ಟು ಸಲ? 1933ರಲ್ಲಿ ಮೊದಲ ಸಲ ಬಿತ್ತು. ಆಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್ ಆರಂಭದಲ್ಲಿ, 89 ವರ್ಷಗಳ ನಂತರ. ತಾತ ಕಂಡದ್ದನ್ನು ಮೊಮ್ಮಗ ಕಾಣಲು ಒಂದು ಆಯುಷ್ಯವೇ ಕಳೆಯಿತು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರು, ಬೈಕು, ಟೆಂಪೊಗಳಲ್ಲಿ ಜನ ಕೋಡಿ ನೋಡಲು ಬಂದರು. ಹೆಂಗಸರು ಅರಿಶಿನ ಕುಂಕುಮ ತಂದು ಬಾಗಿನ ಕೊಟ್ಟರು. 2025ರ ಜನವರಿಯಲ್ಲಿ ಸಾಗರ ಮತ್ತೆ ಕೋಡಿ ಬಿತ್ತು. ಇದರ ಹಿಂದೆ ಒಳ್ಳೆಯ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯೂ ಇದೆ. ಭದ್ರೆಯಿಂದ ಪಂಪು ಮಾಡಿ ಎತ್ತಿದ ನೀರು ಅಜ್ಜಂಪುರದ ಸುರಂಗ ದಾಟಿ, ವೇದಾವತಿಯ ಜಾಡು ಹಿಡಿದು ಈ ಸಾಗರಕ್ಕೆ ಬರತೊಡಗಿದೆ.

2022ರ ಕೋಡಿಗೂ ಕೆಲವೇ ವರ್ಷ ಹಿಂದೆ ಇದೇ ಸಾಗರ ತಳ ಕಂಡಿತ್ತು. ಹಿರಿಯೂರಿನ ತೆಂಗಿನ ತೋಟಗಳು ಸುಳಿ ಒಣಗಿ ಸಾಲುಸಾಲಾಗಿ ಬೋಳು ಕಂಬಗಳಾದವು. ನೂರು ವರ್ಷ ನಾಲೆ ನೀರು ಕುಡಿದು ಬೆಳೆದ ತೋಟಗಳನ್ನು ರೈತರು ತಾವೇ ಕಡಿಸಬೇಕಾಯಿತು. ಈ ಸಾಗರದ ನೀರಿನಲ್ಲಿ ಆಡಲು ಬರುವ ಯಾರೂ ಇದನ್ನು ಮರೆಯಬಾರದು. ಇಲ್ಲಿನ ಒಂದೊಂದು ಅಡಿ ನೀರಿಗೂ ಒಡೆಯರಿದ್ದಾರೆ. ನಾಲೆಯ ಕೆಳಗಿನ ಅಚ್ಚುಕಟ್ಟಿಗೆ, ಚಿತ್ರದುರ್ಗ ಹಿರಿಯೂರುಗಳ ನಲ್ಲಿಗಳಿಗೆ ಅದರ ಪಾಲು ಮೊದಲೇ ಗೊತ್ತಾಗಿದೆ. ಪ್ರವಾಸಿಗೆ ಸಿಗುವುದು ಆ ನೀರಿನ ಮೇಲ್ಮೈ ಮಾತ್ರ. ನೀರನ್ನು ಖರ್ಚು ಮಾಡದೆ, ಕೊಳೆ ಮಾಡದೆ ಆಡಬಹುದಾದ ಆಟಗಳು ಮಾತ್ರ ಈ ಸಾಗರಕ್ಕೆ ಒಪ್ಪುತ್ತವೆ.

ಬೆಳಗಿನ ಹಿನ್ನೀರು

ಹರಿಗೋಲು, ತೆಪ್ಪ, ಕಯಾಕ್, ಹುಟ್ಟು ಹಾಕುವ ರಬ್ಬರ್ ರ‍್ಯಾಫ್ಟ್. ಎಂಜಿನ್ನಿಲ್ಲದ ಈ ನಾಲ್ಕಕ್ಕೂ ಇಲ್ಲಿ ಜಾಗವಿದೆ. ಅಣೆಕಟ್ಟೆಯ ಮುಂದೆ ಭದ್ರತೆಯ ಕಾರಣಕ್ಕೆ ಇಳಿಯುವಂತಿಲ್ಲ, ಇಳಿಯಲೂಬಾರದು. ನಿಜವಾದ ಸೊಗಸು ಇರುವುದು ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ. ಗುಡ್ಡಗಳ ಮಡಿಕೆಯೊಳಗೆಲ್ಲ ನೀರು ಬೆರಳು ಚಾಚಿ ಮಲಗಿರುತ್ತದೆ. ಸಾಗರ ಭರ್ತಿಯಾದಾಗ ಅಣೆಕಟ್ಟೆಯ ಬಳಿಯ ಗುಡ್ಡದಿಂದ ನೋಡಿದರೆ ನೀರಿನ ಹರವು ಭಾರತದ ಭೂಪಟದ ಹಾಗೆ ಕಾಣುತ್ತದೆ ಎಂದು ಜನ ಗುಡ್ಡ ಹತ್ತುತ್ತಾರೆ. ನೀರಿನ ಮಟ್ಟದಲ್ಲಿ ಕುಳಿತು ನೋಡಿದಾಗ ತೋರುವುದು ಬೇರೆ: ಕಲ್ಲಿನ ದಿಬ್ಬಗಳು, ದಡದಲ್ಲಿ ಮೇಯುವ ಕುರಿಮಂದೆ, ಬಲೆ ಎಳೆಯುವ ಮೀನುಗಾರರ ತೆಪ್ಪ.

ಹೊತ್ತು ಆರಿಸುವುದು ಇಲ್ಲಿ ಬಹಳ ಮುಖ್ಯ. ಈ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿರುವುದು ಸುಮ್ಮನೆ ಅಲ್ಲ. ಹೊತ್ತೇರಿದ ಹಾಗೆ ಗಾಳಿ ಬಲಿಯುತ್ತದೆ. ಅಡೆತಡೆಯಿಲ್ಲದ ಅಗಲವಾದ ನೀರಿನ ಮೇಲೆ ಅದು ಬೀಸಿದಾಗ ಅಲೆಗಳು ಏಳುತ್ತವೆ, ಹಗುರವಾದ ರ‍್ಯಾಫ್ಟನ್ನು ದಡದಿಂದ ಆಚೆಗೆ ತಳ್ಳಿಕೊಂಡು ಹೋಗುತ್ತವೆ. ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ ನೀರಿನ ಕೆಲಸ ಮುಗಿಸುವುದು ಕ್ಷೇಮ. ಮುಂಗಾರಿನ ಬಿರುಗಾಳಿಯ ದಿನಗಳನ್ನು ಬಿಟ್ಟು ಅಕ್ಟೋಬರಿನಿಂದ ಫೆಬ್ರುವರಿವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. 2022ರಲ್ಲಿ ಸಾಗರ ತುಂಬಿದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನಂಚಿನ ಅಡಿಕೆ, ತೆಂಗಿನ ತೋಟಗಳೂ ಮುಳುಗಿದವು. ದಶಕಗಳಿಂದ ನೀರು ಬಾರದ ಜಾಗದಲ್ಲಿ ಬದುಕು ಕಟ್ಟಿಕೊಂಡಿದ್ದವರ ಅಂಗಳಕ್ಕೆ ನೀರು ಬಂತು. ಕೆಳಗಿನವರಿಗೆ ಹಬ್ಬವಾದ ಕೋಡಿ ಮೇಲಿನವರಿಗೆ ನಷ್ಟವಾಯಿತು. ಹೀಗೆ ಮುಳುಗಿದ ನೆಲದಲ್ಲಿ ಮರದ ಮೋಟು, ಮುಳ್ಳುತಂತಿ, ಕೊಳವೆಬಾವಿಯ ಪೈಪು, ಹಳೆಯ ಬಾವಿ ಇರುತ್ತವೆ. ಮೇಲೆ ನುಣ್ಣಗೆ ಕಾಣುವ ನೀರಿನಡಿ ಏನಿದೆ ಎಂದು ಬಲ್ಲವರು ಆ ನೆಲವನ್ನು ಉತ್ತವರು ಮತ್ತು ಅಲ್ಲಿ ಬಲೆ ಬಿಡುವವರು. ಅವರಿಲ್ಲದೆ ಹಿನ್ನೀರಿಗೆ ಇಳಿಯುವುದು ತಪ್ಪು. ನೀರಿನ ಪ್ರವಾಸ ಇಲ್ಲಿ ಬೆಳೆಯುವುದೇ ಆದರೆ ಅದರ ಮೊದಲ ಸಂಬಳ ಸಿಗಬೇಕಾದ್ದು ಈ ಹಿನ್ನೀರಿನ ಹಳ್ಳಿಗಳ ಹುಡುಗರಿಗೆ. ಅವರಿಗೆ ಈಜು, ಜೀವರಕ್ಷಣೆ, ಪ್ರಥಮ ಚಿಕಿತ್ಸೆ ಕಲಿಸಬೇಕು. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಂಥ ತರಬೇತಿಗೆಂದೇ ಇದೆ.

ಹೊಸದುರ್ಗದಿಂದ ಹೊಳಲ್ಕೆರೆಗೆ

ನೀರಿನಿಂದ ಎದ್ದು ಹೊಸದುರ್ಗದ ಕಡೆ ತಿರುಗಿದರೆ ದಾರಿ ಮತ್ತೋಡಿನ ಸೀಮೆಯಲ್ಲಿ ಹಾಯುತ್ತದೆ. ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 19ನೇ ಶತಮಾನದ ಹೊಸ್ತಿಲಲ್ಲಿ ಇಲ್ಲಿಗೆ ಬಂದು, ಇಲ್ಲಿನ ಗಾಜಿನ ಬಳೆಯ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟ. ಹೊಸದುರ್ಗದ ಸಮೀಪ ಕೆಲ್ಲೋಡಿನಲ್ಲಿ ವೇದಾವತಿಯನ್ನು ದಾಟಬಹುದು. ನದಿಯಲ್ಲಿ ಹರಿವಿದ್ದರೆ ಸೇತುವೆಯ ಮೇಲೆ ನಿಂತು ನೋಡಿ, ವಾಹನವನ್ನು ಮಾತ್ರ ನೀರಿಗೆ ಇಳಿಸಬೇಡಿ. ಮೊಣಕಾಲುದ್ದದ ಹರಿಯುವ ನೀರು ನಿಂತವನ ಕಾಲು ತಪ್ಪಿಸುತ್ತದೆ, ಇನ್ನೊಂದಿಷ್ಟು ಏರಿದರೆ ಕಾರನ್ನೂ ಎತ್ತುತ್ತದೆ. ಹಾಲುರಾಮೇಶ್ವರದ ಪುಟ್ಟ ಕೊಳದ ಬಳಿ ಜನ ಗಂಗಮ್ಮನನ್ನು ಬೇಡಿ, ಮೇಲೆ ತೇಲಿ ಬರುವುದನ್ನು ಅವಳ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಹಿಂತಿರುಗುತ್ತಾರೆ. ನೀರೆಂದರೆ ಈ ಸೀಮೆಯವರಿಗೆ ಏನು ಎಂಬುದು ಅಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ.

ಮಧ್ಯಾಹ್ನದ ಊಟಕ್ಕೆ ಹೊಸದುರ್ಗದಲ್ಲಿ ರಾಗಿಮುದ್ದೆ, ಉಪ್ಸಾರು ಇದ್ದೇ ಇವೆ. ನವೆಂಬರಿನಲ್ಲಿ ಬರುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಇದೇ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವ ನೋಡಲಿ. ಹಳ್ಳಿಯ ಮಠವೊಂದು ಶಿವಸಂಚಾರದ ಮೂಲಕ 1997ರಿಂದ ನಾಡಿನಾದ್ಯಂತ ನಾಟಕ ಕೊಂಡೊಯ್ಯುತ್ತಿರುವುದನ್ನು ಅದರ ಅಂಗಳದಲ್ಲೇ ಕಾಣಬಹುದು.

ಹೊಸದುರ್ಗದಿಂದ ಹೊಳಲ್ಕೆರೆಯತ್ತ ಹೊರಟ ಮೇಲೆ ಮಣ್ಣಿನ ಕಥೆ ಶುರುವಾಗುತ್ತದೆ. ಕೆಮ್ಮಣ್ಣಿನ ಬಂಡಿಜಾಡುಗಳು ರಾಗಿ ಹೊಲ, ದಾಳಿಂಬೆ ತೋಟ, ಗುಡ್ಡದ ತಪ್ಪಲುಗಳ ನಡುವೆ ಹಾಯುತ್ತವೆ. ಪೇಟೆಯವರು ಆಫ್‌ರೋಡ್ ಎಂದು ಕರೆಯುವ ಈ ದಾರಿಗಳನ್ನು ಮಾಡಿದ್ದು ಎತ್ತಿನ ಗಾಡಿ ಮತ್ತು ದನಕುರಿಗಳ ಕಾಲು. ಕಾಡುಗೊಲ್ಲರ ಹಟ್ಟಿಗಳಿಂದ ಮಂದೆ ಹೊರಡುವ ದಾರಿಗಳು ಇವು. ಮೈಸೂರು ದೊರೆಗಳ ಕಾಲದಲ್ಲಿ ಸೇನೆಯ ಫಿರಂಗಿ ಎಳೆಯುವ ಅಮೃತಮಹಲ್ ರಾಸುಗಳು ಕಾವಲಿನಿಂದ ಕಾವಲಿಗೆ ನಡೆದದ್ದೂ ಈ ನೆಲದ ಮೇಲೆಯೇ.

ಬಗ್ಗಿ ಓಡಲಿ, ಜಾಡು ಬಿಡದೆ

ಬಗ್ಗಿ ಎಂಬ ವಾಹನದ ರಚನೆಯೇ ಒರಟು ನೆಲಕ್ಕೆಂದು ಆದದ್ದು. ಅಗಲವಾದ ಟೈರುಗಳಲ್ಲಿ ಗಾಳಿ ಕಡಿಮೆ, ಹಾಗಾಗಿ ಅವು ಕಲ್ಲಿನ ಮೇಲೆ ಪುಟಿಯದೆ ಹಿಡಿದು ನಡೆಯುತ್ತವೆ. ಮಗುಚಿದರೆ ಕಾಪಾಡಲು ಮೈಸುತ್ತ ಉಕ್ಕಿನ ಪಂಜರ ಇರುತ್ತದೆ. ಆ ಪಂಜರ ಕಾಪಾಡುವುದು ಬೆಲ್ಟು ಬಿಗಿದುಕೊಂಡು, ಕೈಕಾಲು ಒಳಗಿಟ್ಟು ಕುಳಿತವರನ್ನು ಮಾತ್ರ. ಮಗುಚುವಾಗ ನೆಲಕ್ಕೆ ಕೈ ಊರಲು ಹೋದವರ ಕೈಯೇ ಮೊದಲು ಮುರಿಯುತ್ತದೆ. ಇಂಥ ವಾಹನ ನೋಂದಣಿ ಆಗಿರದಿದ್ದರೆ ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಆದ್ದರಿಂದ ಬಗ್ಗಿ ಓಡಬೇಕಾದ್ದು ಒಡೆಯರು ಒಪ್ಪಿ ಕೊಟ್ಟ ಖಾಸಗಿ ಜಮೀನಿನಲ್ಲಿ, ಗುರುತು ಹಾಕಿದ ಸುತ್ತಿನಲ್ಲಿ. ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿಜಾಡಿಗೆ ನಾಲ್ಕೂ ಚಕ್ರ ಎಳೆಯುವ ಜೀಪು ಸಾಕು. ಅದೇ ಹೆಚ್ಚು ಸುಖ ಕೂಡ.

ಮಣ್ಣನ್ನು ನೋಡಿ ಓಡಿಸುವುದೇ ಇಲ್ಲಿನ ಜಾಣತನ. ಕೆಮ್ಮಣ್ಣು ಮಳೆ ನಿಂತ ಕೆಲವು ಗಂಟೆಗಳಲ್ಲೇ ಆರಿ ಗಟ್ಟಿಯಾಗುತ್ತದೆ. ಹಿರಿಯೂರಿನ ಪೂರ್ವಕ್ಕೆ ಸಿಗುವ ಎರೆಮಣ್ಣು ಹಾಗಲ್ಲ. ನಾಲ್ಕು ಹನಿ ಬಿದ್ದರೂ ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಗಾಡಿಯನ್ನು ನಿಂತಲ್ಲೇ ನಿಲ್ಲಿಸುತ್ತದೆ. ಆಗ ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ. ಒಣ ಹಳ್ಳದ ಮರಳಿನಲ್ಲೂ ಹೀಗೇ. ಇಳಿದು, ಚಕ್ರದ ಮುಂದೆ ಕಲ್ಲು ಚಪ್ಪಡಿ ಹಾಕಿ, ಸಣ್ಣ ಗೇರಿನಲ್ಲಿ ನಿಧಾನವಾಗಿ ಎಬ್ಬಿಸಬೇಕು. ಟ್ರ್ಯಾಕ್ಟರ್ ಓಡಿಸುವ ಯಾವ ರೈತನಾದರೂ ಇದನ್ನು ಹೇಳಿಕೊಡುತ್ತಾನೆ.

ಜಾಡು ಬಿಡಬಾರದು ಎಂಬುದಕ್ಕೆ ಗಾಡಿ ಹೂತುಹೋಗುವ ಭಯಕ್ಕಿಂತ ದೊಡ್ಡ ಕಾರಣವಿದೆ. ಬಯಲುಸೀಮೆಯ ಹುಲ್ಲುಗಾವಲನ್ನು ಕಾಡಿನಷ್ಟು ಗೌರವದಿಂದ ನಾವು ಎಂದೂ ಕಂಡಿಲ್ಲ. ಮರಗಳಿಲ್ಲದ ಕಾರಣ ಅದು ಪಾಳುಭೂಮಿ ಎಂದು ದಾಖಲಾಗಿ, ಯಾರಿಗೆ ಬೇಕಾದರೂ ಕೊಡಬಹುದಾದ ಜಾಗವಾಗಿದೆ. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಅಮೃತಮಹಲ್ ಕಾವಲು ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ಕಾವಲನ್ನು ನಂಬಿದ್ದ ಕುರಿಗಾಹಿಗಳು ಬೇಲಿಯಾಚೆ ಉಳಿದರು. ಬರಿ ನೆಲದಂತೆ ಕಾಣುವ ಜಾಗದಲ್ಲಿ ಟಿಟ್ಟಿಭ ಕಲ್ಲುಗಳ ನಡುವೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಗೌಜುಗ ಪೊದೆಯ ಬುಡದಲ್ಲಿ ಮರಿ ಮಾಡುತ್ತದೆ. ತೋಳ, ನರಿ, ಮೊಲಗಳಿಗೆ ಇದೇ ಮನೆ. ನೆರೆಯ ಶಿರಾ ಸೀಮೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಇರುವುದು ಬೆಳಕಿಗೆ ಬಂದು, 2019ರಲ್ಲಿ ಅದು ಚಿಂಕಾರ ವನ್ಯಜೀವಿಧಾಮವಾಯಿತು. ಅಲ್ಲಿಯವರೆಗೆ ಅದೂ ಬರಿ ಕುರುಚಲೇ ಆಗಿತ್ತು. ವೇದಾವತಿಯದೇ ಕೆಳಹರಿವಿನ ಸಿರುಗುಪ್ಪದ ಎರೆಹೊಲಗಳಲ್ಲಿ, ಅಳಿವಿನ ಅಂಚು ಮುಟ್ಟಿದ ಎರೆಭೂತ ಹಕ್ಕಿಗಳು ಬೆರಳೆಣಿಕೆಯಷ್ಟು ಉಳಿದಿವೆ.

ಜಾಡು ಬಿಟ್ಟ ಒಂದು ಚಕ್ರ ಹುಲ್ಲಿನ ಬೇರು ಕಿತ್ತು ಹೋದರೆ ಮುಂದಿನ ಮಳೆ ಆ ಗೀರಿನಲ್ಲೇ ಹರಿಯುತ್ತದೆ. ಮರುವರ್ಷ ಅದು ಕಾಲುವೆ, ಮೂರನೆಯ ವರ್ಷಕ್ಕೆ ಕೊರಕಲು. ತೆಳುವಾದ ಮೇಲ್ಮಣ್ಣೇ ಬಂಡವಾಳವಾಗಿರುವ ಸೀಮೆಯಲ್ಲಿ ಇದು ಬಹಳ ದೊಡ್ಡ ನಷ್ಟ. ಭೀಮಸಮುದ್ರದ ಕಡೆಯ ಜನ ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ದೂಳನ್ನು ಅಡಿಕೆ ಮರಗಳ ಮೇಲೆ ವರ್ಷಗಟ್ಟಲೆ ಕಂಡವರು. ಮೋಜಿಗೆ ಬಂದವರ ಗಾಡಿಯೂ ಅದೇ ಕೆಲಸ ಮಾಡಿದರೆ ಅವರು ಸುಮ್ಮನಿರಬೇಕಾಗಿಲ್ಲ. ಊರೊಳಗೆ ನಿಧಾನ ಹೋಗುವುದು, ಮಂದೆ ಎದುರಾದರೆ ಎಂಜಿನ್ ನಿಲ್ಲಿಸುವುದು, ರಸ್ತೆಯಲ್ಲಿ ಹುರುಳಿ, ರಾಗಿ ಒಕ್ಕಲು ಹಾಕಿದ್ದರೆ ಯಜಮಾನರನ್ನು ಕೇಳಿ ದಾಟುವುದು, ಇವು ಈ ಸೀಮೆಯಲ್ಲಿ ಗಾಡಿ ಓಡಿಸುವವರು ಮೊದಲು ಕಲಿಯಬೇಕಾದ ಪಾಠಗಳು.

ಹೊಳಲ್ಕೆರೆಯಲ್ಲಿ ಬಯಲು ಗಣಪತಿಯ ಮುಂದೆ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಬಯಲಲ್ಲೇ ಕುಳಿತ ಆಳೆತ್ತರ ಮೀರಿದ ಈ ಗಣಪನ ಬೆನ್ನ ಹಿಂದೆ ಉದ್ದನೆಯ ಜಡೆ ಇದೆ. ಹರಕೆ ಹೊತ್ತವರು ಆ ಜಡೆ ಮುಟ್ಟಿ ನಮಸ್ಕರಿಸುತ್ತಾರೆ. ಅಲ್ಲಿಂದ ಮುಂದೆ ಅಡಿಕೆ ತೋಟಗಳ ತಂಪು. ಬರದ ಜಿಲ್ಲೆಯಲ್ಲಿ ಇಷ್ಟು ಹಸಿರೇ ಎಂದು ಬೆರಗಾಗುವ ಮೊದಲು ಆ ಹಸಿರು ಎಷ್ಟು ಆಳದ ಕೊಳವೆಬಾವಿಯಿಂದ ಬಂದದ್ದು ಎಂದು ಕೇಳಬೇಕು. ಭದ್ರೆಯ ನೀರಿಗಾಗಿ ಇಲ್ಲಿಯವರು ದಶಕಗಳ ಕಾಲ ಹೋರಾಡಿದ್ದು ಏಕೆ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ದುರ್ಗದ ಸಂಜೆ

ಚಿತ್ರದುರ್ಗ ಸೇರುವಾಗ ಬಿಸಿಲು ಇಳಿದಿರುತ್ತದೆ. ಊರ ಬಳಿಯೇ ಜೋಗಿಮಟ್ಟಿ ವನ್ಯಜೀವಿಧಾಮ. ಬುಡದಲ್ಲಿ ಆಡುಮಲ್ಲೇಶ್ವರ, ಬೆಟ್ಟದ ಸೀಮೆಯಲ್ಲಿ ಹಿಮವತ್ಕೇದಾರ. ತುದಿಯಲ್ಲಿ ನಿಂತವರನ್ನು ಅಲುಗಿಸುವಂಥ ಗಾಳಿ ಬೀಸುತ್ತದೆ. ಕರಡಿ, ಚಿರತೆಗಳಿರುವ ಈ ಕಾಡಿನಲ್ಲಿ ಬಗ್ಗಿಗೆ, ಬೈಕು ಓಟಕ್ಕೆ ಜಾಗವಿಲ್ಲ. ಅರಣ್ಯ ಇಲಾಖೆಯ ಅನುಮತಿ ಇದ್ದಷ್ಟು ದಾರಿ, ಕತ್ತಲಾಗುವ ಮುನ್ನ ವಾಪಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಹೋಗಲು ಅನುಮತಿ ಬೇಕು.

ಹೊತ್ತಿದ್ದರೆ ಚಂದ್ರವಳ್ಳಿಯ ಕೆರೆಯ ದಂಡೆಗೆ ಹೋಗಿ. ಕದಂಬರ ಮಯೂರಶರ್ಮನ ಶಾಸನ ಇರುವ ತಾಣವದು, ಆ ಶಾಸನ ಹೇಳುವುದು ಒಂದು ಕೆರೆಯ ಕೆಲಸದ ವಿಷಯ. ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಉತ್ಖನನ ಮಾಡಿದರು. ಅದಕ್ಕೂ ಮೊದಲು ಎಂ.ಎಚ್. ಕೃಷ್ಣ ಅವರು ಇದೇ ನೆಲವನ್ನು ಅಗೆದು ಓದಿದ್ದರು. ಚಿತ್ರದುರ್ಗದ ಕೋಟೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ ಸೇರುವಂತೆ ಪಾಳೆಯಗಾರರ ಕಾಲದವರು ಹೊಂದಿಸಿಟ್ಟಿದ್ದರು. ಒಂದು ಹೊಂಡದ ಕೋಡಿಯೇ ಮುಂದಿನ ಹೊಂಡಕ್ಕೆ ನೀರಿನ ಮೂಲ. ಮದ್ದುಗುಂಡಿನ ಜೊತೆಗೆ ಹೀಗೆ ಕೂಡಿಟ್ಟ ನೀರೂ ಮುತ್ತಿಗೆಯ ಕಾಲದಲ್ಲಿ ಕೋಟೆಯನ್ನು ಕಾಯುತ್ತಿತ್ತು. ಇದೇ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಹತ್ತಿ ಹೆಸರಾದ ಜ್ಯೋತಿರಾಜ್ ಅವರನ್ನು ಜನ ಪ್ರೀತಿಯಿಂದ ಕೋತಿರಾಜ ಎನ್ನುತ್ತಾರೆ. ಸಾಹಸ ಈ ಊರಿಗೆ ಹೊರಗಿನಿಂದ ಬರಬೇಕಾದ ಸರಕಲ್ಲ.

ಹೊರಡುವವರಿಗೆ

ಚಿತ್ರದುರ್ಗ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್, ಹಿರಿಯೂರು ಅದಕ್ಕೆ 40 ಕಿಲೋಮೀಟರ್ ಈಚೆ. ರೈಲಿನಲ್ಲಿ ಬರುವವರಿಗೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್, ಹೊಸದುರ್ಗ ರೋಡ್ ನಿಲ್ದಾಣಗಳಿವೆ. ಬೆಳಗಿನ ಜಾವ ಚಿತ್ರದುರ್ಗ ಬಿಟ್ಟು ಹಿರಿಯೂರು, ವಾಣಿವಿಲಾಸ ಸಾಗರ, ಹೊಸದುರ್ಗ, ಹೊಳಲ್ಕೆರೆ ಮಾರ್ಗವಾಗಿ ಸಂಜೆಗೆ ಮರಳುವ ಸುತ್ತು ಅನುಕೂಲ. ಮರಡಿಹಳ್ಳಿಯ ಬಂಡೆಗಳ ಮೇಲೆ ವಾಹನ ಹತ್ತಿಸಬೇಡಿ, ಚೂರು ಒಡೆದು ತರಬೇಡಿ. ನೀರಿಗೆ ಇಳಿಯುವ ಮೊದಲು ಸ್ಥಳೀಯರ ಒಪ್ಪಿಗೆ ಮತ್ತು ಇಲಾಖೆಯ ಅನುಮತಿ ಎರಡೂ ಇರಲಿ. ಈಜು ಬಂದರೂ ಲೈಫ್ ಜಾಕೆಟ್ ಹಾಕಿ, ಪಟ್ಟಿಗಳನ್ನೆಲ್ಲ ಬಿಗಿದುಕೊಳ್ಳಿ. ಕುಡಿದು ನೀರಿಗೂ ಇಳಿಯಬೇಡಿ, ಸ್ಟೀರಿಂಗನ್ನೂ ಹಿಡಿಯಬೇಡಿ. ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಸಿಕೊಂಡು ಬನ್ನಿ, ಖಾಲಿ ಬಾಟಲಿಗಳನ್ನು ಹಿಂದಕ್ಕೆ ಒಯ್ಯಿರಿ. ಸಂಜೆ ಚಿತ್ರದುರ್ಗದ ಯಾವುದಾದರೂ ಗಾಡಿಯ ಮುಂದೆ ಮಂಡಕ್ಕಿ, ಮಿರ್ಚಿ ತಿನ್ನುವುದನ್ನು ತಪ್ಪಿಸಬೇಡಿ.

ರಾಜ್ಯದ ಪ್ರವಾಸೋದ್ಯಮ ನೀತಿ ಈಗ ಸಾಹಸ ಪ್ರವಾಸಕ್ಕೂ ಒತ್ತು ಕೊಡುತ್ತಿದೆ. ಸಾಗರ ಮತ್ತೆ ಕೋಡಿ ಬಿದ್ದ ಉತ್ಸಾಹದಲ್ಲಿ ಮಾರಿಕಣಿವೆಗೂ ಮೋಟಾರ್ ಬೋಟು, ಗುಡ್ಡಗಳಿಗೆ ಬಗ್ಗಿ ಟ್ರ್ಯಾಕು, ದಂಡೆಗೆ ರೆಸಾರ್ಟು ತರುವ ಆಸೆ ಹುಟ್ಟುವುದು ಸಹಜ. ತರುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರಬೇಕು. ಮುಳುಗಡೆಯಾದ ತೋಟದವನಿಗೆ ಇದರಲ್ಲಿ ಪಾಲೆಷ್ಟು? ಕುಡಿಯುವ ನೀರಿಗೆ ಒಂದು ಹನಿ ಡೀಸೆಲ್ ಕೂಡ ಬೀಳದೆಂದು ಯಾರು ಹೊಣೆ? ಸಾಗರ ಮತ್ತೆ ತಳ ಕಂಡ ವರ್ಷ ಈ ಉದ್ಯಮ ಏನು ಮಾಡುತ್ತದೆ? ಕಾಳಿಯ ದಡದಲ್ಲಿ ಮೂರನೆಯ ಪ್ರಶ್ನೆ ಏಳುವುದು ಅಪರೂಪ. ಇಲ್ಲಿ ಅದನ್ನೇ ಮೊದಲು ಕೇಳಬೇಕು. ಹುಟ್ಟು ಹಾಕುವ ದೋಣಿ, ಇರುವ ಜಾಡಿನಲ್ಲೇ ಓಡುವ ಜೀಪು, ಊರಿನವರೇ ಮಾರ್ಗದರ್ಶಿಗಳು, ಊಟ ಹಳ್ಳಿಯ ಮನೆಯಲ್ಲಿ. ಇಷ್ಟು ಸಣ್ಣದಾಗಿ ಕಟ್ಟಿದ ಪ್ರವಾಸ ಮಾತ್ರ ನೀರಿಲ್ಲದ ವರ್ಷವನ್ನೂ ದಾಟಬಲ್ಲದು, ಏಕೆಂದರೆ ಆಗಲೂ ಬಂಡೆ, ಹೊಂಡ, ಕಾವಲು, ಬಂಡಿಜಾಡು ಇದ್ದೇ ಇರುತ್ತವೆ. ಕೋಡಿ ಬಿದ್ದ ವರ್ಷ ಬಂದು ಸಂಭ್ರಮಿಸಿದವರು ಬೀಳದ ವರ್ಷವೂ ಬರಬೇಕು. ಈ ನೆಲದ ಜನ ಎಂಥ ಸಾಹಸಿಗಳು ಎಂಬುದು ಗೊತ್ತಾಗುವುದು ಆ ವರ್ಷವೇ.